ಗಾಡಿ ಯಾರದು ಎಂದು ಮೊದಲು ಕೇಳಿ

ಸೂರತ್ತಿನ ಪಾಂಡೇಸರಾದ ಡೈಯಿಂಗ್ ಮಿಲ್ಲಿನಲ್ಲಿ ಹಗಲು ರಾತ್ರಿ ಪಾಳಿ ಮಾಡಿ ಓದಿಸಿದ ಮಗ, ಹನ್ನೆರಡನೇ ತರಗತಿ ಮುಗಿಸಿ ‘ಪಾರ್ಸೆಲ್ ಡೆಲಿವರಿಗೆ ಸೇರ್ತೀನಿ ಅಪ್ಪಾ’ ಅಂದರೆ ಎದೆ ಧಸಕ್ಕೆನ್ನುವುದು ಸಹಜ. ಕೂಡಲೇ ಬೇಡ ಅನ್ನಬೇಡಿ. ಸೀರೆ ನೇಯುವ, ಬಣ್ಣ ಹಾಕುವ, ಮಾರುವ ಊರು ಸೂರತ್. ಇಲ್ಲಿಂದ ಹೊರಡುವ ಕಟ್ಟುಗಳಿಗೆ ಕೊನೆಯಿಲ್ಲ. ಅವನ್ನು ಸಾಗಿಸುವುದು ಮರ್ಯಾದೆಯ ದುಡಿಮೆಯೇ. ಮಗಳು ಕೇಳಿದರೂ ನನ್ನ ಮಾತು ಇದೇ.

ಸಂಬಳ ಎಷ್ಟು ಎಂದು ಆಮೇಲೆ ಕೇಳಿ. ಗಾಡಿ ಯಾರದು, ನಷ್ಟವಾದರೆ ಯಾರ ತಲೆಗೆ ಎಂದು ಮೊದಲು ಕೇಳಿ. ಕಂಪನಿಯ ಗಾಡಿ, ತಿಂಗಳ ಸಂಬಳ, ಪಿಎಫ್, ಇಎಸ್‌ಐ ಇದ್ದರೆ ಅದು ನೌಕರಿ. ಸ್ವಂತ ಬೈಕು, ಪಾರ್ಸೆಲ್ಲಿಗಿಷ್ಟು ಎಂಬ ಲೆಕ್ಕವಾದರೆ ನಿಮ್ಮ ಮಗ ಸಣ್ಣದೊಂದು ವ್ಯಾಪಾರ ಶುರು ಮಾಡಿದ ಹಾಗೆ. ಬಂಡವಾಳವೂ ಅವನದು, ಅಪಾಯವೂ ಅವನದು.

ಒಂದು ದಿನದ ಲೆಕ್ಕ ಕಾಗದದ ಮೇಲೆ ಹಾಕಿಸಿ. ಪಾರ್ಸೆಲ್ಲಿಗೆ 14 ರೂಪಾಯಿ, ಬೆಳಿಗ್ಗೆ ಹಬ್ಬಿನಲ್ಲಿ, ಅಂದರೆ ಕಂಪನಿಯ ಪಾರ್ಸೆಲ್ ಕೇಂದ್ರದಲ್ಲಿ, ಸ್ಕ್ಯಾನ್ ಮಾಡಿ ಚೀಲಕ್ಕೆ ತುಂಬಿದ್ದು 60 ಎಂದಿಟ್ಟುಕೊಳ್ಳಿ. ಬಾಯಿಲೆಕ್ಕದಲ್ಲಿ 840. ಆದರೆ ಬಮರೋಲಿ ರಸ್ತೆಯ ಗಲ್ಲಿಗಳಲ್ಲಿ ಒಂದು ಮನೆಗೆ ಬೀಗ, ಇನ್ನೊಬ್ಬರು ಫೋನ್ ಎತ್ತಲಿಲ್ಲ, ಮತ್ತೊಬ್ಬರು ‘ಬೇಡ, ವಾಪಸ್ ಒಯ್ಯಿ’ ಅಂದರು. ಹೀಗೆ ಒಂಬತ್ತು ಮರಳಿದವು. ಮುಟ್ಟಿಸದ ಪಾರ್ಸೆಲ್ಲಿಗೆ ಎಷ್ಟೋ ಕಡೆ ಕಾಸಿಲ್ಲ. ಉಳಿದದ್ದು 714. ಪೆಟ್ರೋಲಿಗೆ 95, ಟೈರು, ಆಯಿಲ್, ಸರ್ವಿಸ್ ಎಂದು ದಿನಕ್ಕೆ 60 ತೆಗೆದಿಟ್ಟರೆ ಕೈಗೆ 559. ಬೈಕಿನ ಕಂತು ಇದರಲ್ಲೇ ಹೋಗಬೇಕು. ಪಾರ್ಸೆಲ್ ಕಳೆದರೆ, ಕ್ಯಾಶ್ ಆನ್ ಡೆಲಿವರಿ ಹಣ ಕಡಿಮೆ ಬಿದ್ದರೆ ಯಾರು ಕಟ್ಟಬೇಕು ಎಂಬುದನ್ನು ಬರಹದಲ್ಲಿ ನೋಡದೆ ಸೇರಿಸಬೇಡಿ.

ವಯಸ್ಸಿನ ವಿಷಯದಲ್ಲಿ ಸಡಿಲ ಬೇಡ. ಗೇರ್ ಇರುವ ಬೈಕಿಗೆ 18 ತುಂಬಿರಬೇಕು. ಸರಕಿನ ಟೆಂಪೋ, ಛೋಟಾ ಹಾಥಿ ಓಡಿಸಲು 20. ಅಪ್ರಾಪ್ತ ಮಗನ ಕೈಗೆ ಗಾಡಿ ಕೊಟ್ಟು ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೇ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಮಗನಿಗೆ 25 ತುಂಬುವವರೆಗೆ ಲೈಸೆನ್ಸೂ ಇಲ್ಲ. ಇನ್ನು ಬೈಕಿನ ಇನ್ಶೂರೆನ್ಸ್ ಪಾಲಿಸಿ ತೆರೆದು ಓದಿ. ಸ್ವಂತ ಬಳಕೆಗೆಂದು ಮಾಡಿಸಿದ್ದರೆ, ಬಾಡಿಗೆಗೆ ಸರಕು ಸಾಗಿಸುವಾಗ ಆದ ಹಾನಿಗೆ ಕ್ಲೇಮ್ ನಿರಾಕರಿಸಬಹುದು. ಏಜೆಂಟರ ಬಾಯಿಮಾತನ್ನು ನಂಬಿ ಬರಬೇಡಿ.

ಬೆಂಗಳೂರಿನ ನಂಟರು ‘ಸರ್ಕಾರವೇ ನಾಲ್ಕು ಲಕ್ಷದ ವಿಮೆ ಮಾಡಿಸುತ್ತೆ’ ಅಂದಿರಬಹುದು. ಜೀವವಿಮೆ ಎರಡು ಲಕ್ಷ, ಅಪಘಾತ ವಿಮೆ ಎರಡು ಲಕ್ಷದ ಆ ಯೋಜನೆ ಕರ್ನಾಟಕದ್ದು, ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಬಂದ ಕಾಯ್ದೆಯೂ ಅಲ್ಲಿಯದೇ. ಸೂರತ್ತಿನಲ್ಲಿ ದುಡಿಯುವವನಿಗೆ ಅವು ಅನ್ವಯಿಸುವುದಿಲ್ಲ. ಅವನ ಪಾಲಿಗಿರುವುದು ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಇ-ಶ್ರಮ್‌ನಲ್ಲಿ ಪ್ಲಾಟ್‌ಫಾರ್ಮ್ ಕಾರ್ಮಿಕ ಎಂದು ಹೆಸರು ನೋಂದಾಯಿಸಿ; ಆಧಾರ್ ಬೇಕು, ಶುಲ್ಕವಿಲ್ಲ.

ಮೈಯ ಮಾತೂ ಇದೆ. ಹಗಲೆಲ್ಲ ಬೈಕಿನ ಮೇಲೆ, ಬೆನ್ನಿಗೆ ಚೀಲ, ಮಹಡಿ ಹತ್ತಿ ಇಳಿಯುವುದು. ಮೇ ತಿಂಗಳ ಬಿಸಿಲು, ಮಳೆಗಾಲದಲ್ಲಿ ಖಾಡಿ ಎಂಬ ಹಳ್ಳ ಉಕ್ಕಿದರೆ ರಸ್ತೆಯ ಮೇಲೆ ಮೊಣಕಾಲುದ್ದ ನೀರು. ಇಪ್ಪತ್ತರಲ್ಲಿ ಆದದ್ದು ನಲವತ್ತರಲ್ಲಿ ಆಗುವುದು ಕಷ್ಟ. ಹಾಗಾಗಿ ಎರಡು ವರ್ಷದ ಮಾತು ಆಡಿಕೊಳ್ಳಿ. ಆ ಹೊತ್ತಿಗೆ ನಾಲ್ಕು ಚಕ್ರದ ಲೈಸೆನ್ಸ್, ಆಮೇಲೆ ಹಬ್ಬಿನ ಒಳಗಿನ ಕೆಲಸವೋ ಸ್ವಂತ ಟೆಂಪೋವೋ ಎಂದು ಅವನೇ ಹೇಳಲಿ. ಜೊತೆಗೆ ಅಂಚೆ ತೆರಪಿನಲ್ಲಿ ಪದವಿ ಓದುವುದಾದರೆ ಇನ್ನೂ ಒಳ್ಳೆಯದು.

ಸೇರುವ ಮೊದಲು ನಾಲ್ಕು ದಿನ ಅನುಭವವಿರುವ ಹುಡುಗನೊಬ್ಬನ ಜೊತೆ ರೂಟಿಗೆ ಹೋಗಿಬರಲಿ. ರಾತ್ರಿ ಮನೆಗೆ ಬಂದಾಗ ಊಟ ಬಡಿಸಿ, ಇವತ್ತು ಎಷ್ಟು ಮರಳಿತು ಎಂದು ಕೇಳಿ. ಅವನ ಉತ್ತರವನ್ನು ಆ ಕಾಗದದ ಲೆಕ್ಕದ ಪಕ್ಕದಲ್ಲೇ ಬರೆದಿಡಿ.