ಹಿಮದ ಹಾದಿಯಲ್ಲಿ ಗಾಲಿಯೂ ಸಾರಥಿಯೂ

ಒಂಬತ್ತನೆಯ ತರಗತಿಯಲ್ಲಿ ಘರ್ಷಣೆಯ ಪಾಠವನ್ನು ಮುಗಿಸಿದ ದಿನ ಒಬ್ಬ ಹುಡುಗನು ಎದ್ದುನಿಂತು ಪ್ರಶ್ನೆಯೊಂದನ್ನು ಕೇಳಿದನು. ಉತ್ತರ ದೇಶಗಳಲ್ಲಿ ಚಳಿಗಾಲ ಬಂದೊಡನೆ ಜನರು ತಮ್ಮ ಮೋಟಾರುಗಳ ಟಯರುಗಳನ್ನೇ ಬದಲಾಯಿಸುತ್ತಾರೆಂದು ಅವನು ಎಲ್ಲಿಯೋ ಓದಿದ್ದನಂತೆ. “ಗಾಡಿ ನಡೆಸುವವನು ಗಟ್ಟಿಗನಾಗಿದ್ದರೆ ಟಯರು ಯಾವುದಾದರೇನು, ಗುರುಗಳೇ?” ಎಂಬುದು ಅವನ ಸಂದೇಹ. ತರಗತಿಯ ಅರ್ಧ ಜನರು ಅವನ ಪಕ್ಷವನ್ನೇ ವಹಿಸಿದರು. ಅಷ್ಟರಲ್ಲಿ ಗಂಟೆ ಬಾರಿಸಿದುದರಿಂದ ಉತ್ತರ ನಡುವೆಯೇ ನಿಂತಿತು. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮುಂಬಯಿಯಲ್ಲಿ ಬೆಳೆದ ನಿಮಗೆ ಹಿಮದ ಪರಿಚಯವಿಲ್ಲದಿದ್ದರೂ ಜಾರುವಿಕೆಯ ಪರಿಚಯ ಚೆನ್ನಾಗಿಯೇ ಇದೆ. ಜೂನ್ ತಿಂಗಳ ಮೊದಲ ಮಳೆ ಬಿದ್ದಾಗ ರಸ್ತೆಯ ಮೇಲೆ ಕೂತಿದ್ದ ಎಣ್ಣೆಯೂ ಧೂಳೂ ನೀರಿನೊಡನೆ ಕಲೆತು ಒಂದು ತೆಳ್ಳನೆಯ ಲೇಪವಾಗುತ್ತದೆ. ಆ ದಿನ ಎಷ್ಟೋ ವರ್ಷಗಳ ಅಭ್ಯಾಸವುಳ್ಳ ಸ್ಕೂಟರು ಸವಾರರೂ ತಿರುವಿನಲ್ಲಿ ಉರುಳುವುದನ್ನು ನೀವು ನೋಡಿರಬಹುದು. ಅವರ ಕೈಚಳಕವು ಒಂದು ರಾತ್ರಿಯಲ್ಲಿ ಮಾಯವಾಯಿತೆ? ಇಲ್ಲ, ಕಾಲಡಿಯ ನೆಲ ಕೊಡುತ್ತಿದ್ದ ಹಿಡಿತ ಮಾಯವಾಯಿತು.

ಮಂಜುಗಡ್ಡೆಯ ಮೇಲೆಯೂ ಇಂಥದೇ ಒಂದು ಲೇಪವಿರುತ್ತದೆ. ಗಡ್ಡೆಯ ಮೇಲ್ಮೈಯಲ್ಲಿ ಅತಿ ತೆಳುವಾದ ದ್ರವದಂಥ ಪದರವಿದೆಯೆಂದು ಮೈಕಲ್ ಫ್ಯಾರಡೆ 1850ರಲ್ಲಿಯೇ ಸೂಚಿಸಿದ್ದನು. ಗಾಲಿಯು ಉಜ್ಜಿದಾಗ ಹುಟ್ಟುವ ಶಾಖವೂ ಗಡ್ಡೆಯನ್ನು ಅಲ್ಲಲ್ಲಿ ಕರಗಿಸುತ್ತದೆಂಬುದನ್ನು ಬೌಡೆನ್ ಮತ್ತು ಹ್ಯೂಸ್ ಎಂಬವರು 1939ರಲ್ಲಿ ತೋರಿಸಿದರು. ಇದರಿಂದ ಒಂದು ವಿಚಿತ್ರ ಸಂಗತಿ ತಿಳಿದುಬರುತ್ತದೆ: ಚಳಿ ಅತ್ಯಂತ ಕಠೋರವಾಗಿರುವ ದಿನಕ್ಕಿಂತ ಉಷ್ಣತೆಯು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುವ ದಿನವೇ ರಸ್ತೆ ಹೆಚ್ಚು ಜಾರುತ್ತದೆ.

ಇನ್ನು ಟಯರಿನ ವಿಚಾರ. ರಬ್ಬರು ನೆಲವನ್ನು ಹಿಡಿಯುವುದು ತನ್ನ ಮೃದುತ್ವದಿಂದ. ನೆಲದ ಸಣ್ಣ ಸಣ್ಣ ಏರುತಗ್ಗುಗಳಿಗೆ ತಾನೂ ಬಾಗಿ ಒತ್ತಿಕೊಳ್ಳುವುದರಿಂದ. ಡಿಸೆಂಬರಿನಲ್ಲಿ ನಿಮ್ಮ ಮನೆಯ ಸೀಸೆಯಲ್ಲಿ ಕೊಬ್ಬರಿಯೆಣ್ಣೆ ಗಟ್ಟಿಯಾಗುವುದಷ್ಟೆ. ರಬ್ಬರು ಹಾಗೆ ಹೆಪ್ಪುಗಟ್ಟುವುದಿಲ್ಲವಾದರೂ ಚಳಿಗೆ ಬಿಗಿದುಕೊಂಡು ತನ್ನ ಮಣಿಯುವ ಗುಣವನ್ನು ಕಳೆದುಕೊಳ್ಳುತ್ತದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆಯು ಏಳು ಜನರೊಡನೆ ನಾಶವಾದುದಕ್ಕೆ ಕಾರಣಗಳನ್ನು ವಿಚಾರಿಸುತ್ತಿದ್ದಾಗ, ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ನನು ಆ ನೌಕೆಯಲ್ಲಿ ಬಳಸುವಂಥ ರಬ್ಬರಿನ ತುಂಡನ್ನು ಹಿಡಿಕೆಯಲ್ಲಿ ಅಮುಕಿ ಮಂಜುನೀರಿನ ಲೋಟದಲ್ಲಿ ಅದ್ದಿದನು. ಹಿಡಿಕೆಯನ್ನು ಬಿಚ್ಚಿದರೂ ರಬ್ಬರು ತಟ್ಟನೆ ತನ್ನ ಮೊದಲಿನ ಆಕಾರಕ್ಕೆ ಮರಳಲಿಲ್ಲ. ಇಷ್ಟು ಸರಳವಾದ ಪ್ರಯೋಗ ಇಷ್ಟು ದೊಡ್ಡ ಸಭೆಯ ಮುಂದೆ ನಡೆದುದು ಅಪರೂಪವೇ ಸರಿ.

ಸಾಧಾರಣ ಬೇಸಗೆಯ ಟಯರು ಸುಮಾರು 7 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಹೀಗೆಯೇ ಗಡುಸಾಗತೊಡಗುತ್ತದೆ. ಚಳಿಗಾಲದ ಟಯರಿನ ರಬ್ಬರು ಚಳಿಯಲ್ಲಿಯೂ ಮೆತ್ತಗಿರುವಂತೆ ಬೇರೆ ಪಾಕದಿಂದ ಮಾಡಿದುದು. ಅದರ ಮೈಮೇಲೆ ಆಳವಾದ ಕಾಲುವೆಗಳೂ, ಅಲಗಿನಿಂದ ಸೀಳಿದಂಥ ನೂರಾರು ಸಣ್ಣ ಸೀಳುಗಳೂ ಇರುತ್ತವೆ. ಕಾಲುವೆಗಳಲ್ಲಿ ಹಿಮ ತುಂಬಿಕೊಳ್ಳುವುದು ದೋಷವೆಂದು ತೋರಬಹುದು. ಆದರೆ ಹಿಮವು ಹಿಮಕ್ಕೇ ಚೆನ್ನಾಗಿ ಅಂಟಿಕೊಳ್ಳುವುದರಿಂದ ಅದು ಗುಣವೇ ಆಗಿದೆ. ಹಿಮದುಂಡೆಯನ್ನು ಉರುಳಿಸಿದಂತೆಲ್ಲ ಅದು ದಪ್ಪವಾಗುವುದೂ ಇದೇ ಕಾರಣದಿಂದ. ಇಂಥ ಟಯರನ್ನು ಮೊದಲು ಮಾಡಿದವರು ಫಿನ್ಲೆಂಡಿನವರು. 1934ರಲ್ಲಿ ಲಾರಿಗಳಿಗಾಗಿ, 1936ರಲ್ಲಿ ಕಾರುಗಳಿಗಾಗಿ ಅವರು ಹಿಮದ ಟಯರುಗಳನ್ನು ತಯಾರಿಸಿದರು. ಆ ರಬ್ಬರು ಕಾರ್ಖಾನೆಯಿದ್ದ ಊರಿನ ಹೆಸರು ನೊಕಿಯಾ. ನಿಮ್ಮ ತಂದೆತಾಯಿಗಳ ಮೊದಲ ಮೊಬೈಲು ಫೋನಿನ ಮೇಲೆ ಇದ್ದಿರಬಹುದಾದ ಹೆಸರೂ ಅದೇ. 1967ರಲ್ಲಿ ರಬ್ಬರು ಕಾರ್ಖಾನೆಯೂ ತಂತಿಯ ಕಾರ್ಖಾನೆಯೂ ಒಂದುಗೂಡಿ ಆ ದೊಡ್ಡ ಸಂಸ್ಥೆ ಬೆಳೆಯಿತು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಟಯರು ನೆಲದಿಂದ ಪಡೆಯುವ ಹಿಡಿತವನ್ನು ಮನೆಯ ತಿಂಗಳ ವರಮಾನವೆಂದು ಭಾವಿಸಿರಿ. ಗಾಡಿಯನ್ನು ಮುಂದೆ ನೂಕುವುದು, ನಿಲ್ಲಿಸುವುದು, ತಿರುಗಿಸುವುದು, ಈ ಮೂರೂ ಖರ್ಚುಗಳು ಆ ಒಂದೇ ವರಮಾನದಿಂದ ನಡೆಯಬೇಕು. ತಿರುವಿನ ನಡುವೆ ಬ್ರೇಕನ್ನು ಬಲವಾಗಿ ಒತ್ತಿದವನು ಇದ್ದುದನ್ನೆಲ್ಲ ಒಂದೇ ಬಾಬಿಗೆ ಸುರಿದಂತಾಯಿತು. ತಿರುಗಲು ಅವನಲ್ಲಿ ಕಾಸಿಲ್ಲ, ಗಾಡಿ ನೆಟ್ಟಗೆ ರಸ್ತೆಯ ಹೊರಗೆ ಹೋಗುತ್ತದೆ. ಚಾಲಕನ ಜಾಣತನವೆಂಬುದು ಖರ್ಚಿನ ಜಾಣತನ. ಎಷ್ಟು ಜಾಣನಾದರೂ ಖರ್ಚು ಮಾಡುವವನು ವರಮಾನವನ್ನು ಹೆಚ್ಚಿಸಲಾರನು.

ಬಾಯಿಮಾತಿಗಿಂತ ಲೆಕ್ಕ ಮೇಲು. ಬ್ರೇಕು ಹಾಕಿದ ಮೇಲೆ ಗಾಡಿ ಸಾಗುವ ದೂರವು ವೇಗದ ವರ್ಗವನ್ನು, ಘರ್ಷಣ ಗುಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದುದಕ್ಕೆ ಸಮ. ಗುಣಾಂಕವು ಒಣರಸ್ತೆಯಲ್ಲಿ 0.7, ತುಳಿದು ಗಟ್ಟಿಯಾದ ಹಿಮದ ಮೇಲೆ ಚಳಿಗಾಲದ ಟಯರಿಗೆ 0.3, ಸಾಧಾರಣ ಟಯರಿಗೆ 0.2 ಎಂದಿಟ್ಟುಕೊಳ್ಳೋಣ. ವೇಗವು ಗಂಟೆಗೆ 50 ಕಿಲೋಮೀಟರು. ಒಣರಸ್ತೆಯಲ್ಲಿ ಗಾಡಿ 14 ಮೀಟರಿಗೆ ನಿಲ್ಲುತ್ತದೆ. ಹಿಮದಲ್ಲಿ ಚಳಿಗಾಲದ ಟಯರಿನದು 33 ಮೀಟರಿಗೆ, ಸಾಧಾರಣ ಟಯರಿನದು 49 ಮೀಟರಿಗೆ. ವ್ಯತ್ಯಾಸ ಹದಿನಾರೇ ಮೀಟರು ಎನ್ನಬೇಡಿರಿ. ಮೊದಲ ಗಾಡಿ ಪೂರ್ಣವಾಗಿ ನಿಂತ ಸ್ಥಳದಲ್ಲಿ ಎರಡನೆಯದರ ವೇಗ ಇನ್ನೂ ಗಂಟೆಗೆ ಸುಮಾರು 29 ಕಿಲೋಮೀಟರು ಇರುತ್ತದೆ. ಆ ಸ್ಥಳದಲ್ಲಿ ಶಾಲೆಗೆ ಹೋಗುವ ಒಂದು ಮಗು ರಸ್ತೆ ದಾಟುತ್ತಿದ್ದರೆ?

ಹಾಗಾದರೆ ಚಾಲಕನ ಪಾಲೇನೂ ಇಲ್ಲವೆ ಎಂದು ನೀವು ಕೇಳಬಹುದು. ಇದೆ, ಮತ್ತು ಅದು ದೊಡ್ಡದು. ಅದೇ ಸೂತ್ರದಲ್ಲಿ ವೇಗವನ್ನು 41ಕ್ಕೆ ಇಳಿಸಿ ನೋಡಿರಿ: ಸಾಧಾರಣ ಟಯರಿನ ಗಾಡಿಯೂ 33 ಮೀಟರಿಗೇ ನಿಲ್ಲುತ್ತದೆ. ಒಂಬತ್ತು ಕಿಲೋಮೀಟರು ಬಿಟ್ಟುಕೊಟ್ಟವನು ಟಯರಿನ ಕೊರತೆಯನ್ನು ತುಂಬಿಕೊಂಡನು. ಮುಂದಿನ ಗಾಡಿಯಿಂದ ದೂರವಿರುವುದು, ತಿರುವಿಗೆ ಮೊದಲೇ ನಿಧಾನಿಸುವುದು, ಚಕ್ರವನ್ನು ಮೃದುವಾಗಿ ತಿರುಗಿಸುವುದು, ಇವೆಲ್ಲ ಇದೇ ಜಾತಿಯ ವಿದ್ಯೆ. ಗಾಡಿಯ ಹಿಂಭಾಗ ಜಾರಿದಾಗ ಜಾರಿದ ಕಡೆಗೇ ಚಕ್ರ ತಿರುಗಿಸಬೇಕೆಂಬ ಪ್ರಸಿದ್ಧ ಉಪಾಯವೂ ಸತ್ಯವೇ. ಆದರೆ ಮೊದಲಿನವು ನಿತ್ಯದ ಊಟ, ಇದು ಔಷಧ. ನಮ್ಮ ಹುಡುಗರಿಗೆ ಮಾತ್ರ ಔಷಧದ ಮೇಲೆಯೇ ಮೋಹ!

ಈ ಮೋಹದ ಅಪಾಯವನ್ನು ಸ್ವೀಡನ್ನಿನ ಸಂಶೋಧಕ ಗ್ರೆಗೆರ್ಸನ್ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಣಬಹುದು. ಗಾಡಿ ನಡೆಸಲು ಕಲಿಯುತ್ತಿದ್ದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಂಕಟದ ಸಮಯದಲ್ಲಿ ಬ್ರೇಕು ಹಾಕಿ ತಪ್ಪಿಸಿಕೊಳ್ಳುವ ಕೌಶಲವನ್ನು ಅರ್ಧ ಗಂಟೆ ಕಲಿಸಲಾಯಿತು. ಇನ್ನೊಂದಕ್ಕೆ, ಅಂಥ ಸಮಯದಲ್ಲಿ ತಮ್ಮ ಕೌಶಲವನ್ನು ನೆಚ್ಚಲಾಗದೆಂಬುದನ್ನು ಮನಗಾಣಿಸಲಾಯಿತು. ವಾರದ ಬಳಿಕ ಪರೀಕ್ಷಿಸಿದಾಗ ನಿಜವಾದ ಕೌಶಲದಲ್ಲಿ ಎರಡು ಗುಂಪುಗಳಿಗೂ ಭೇದ ಕಾಣಲಿಲ್ಲ. ತಾವು ಕುಶಲರೆಂಬ ನಂಬಿಕೆ ಮಾತ್ರ ಮೊದಲ ಗುಂಪಿನಲ್ಲಿ ಹೆಚ್ಚಾಗಿತ್ತು. ಒಳ್ಳೆಯ ಟಯರು ಹಾಕಿಸಿದವನಿಗೂ ಇಂಥದೇ ಭ್ರಮೆ ಕವಿಯಬಹುದು. ನಾಲ್ಕು ಗಾಲಿಗಳನ್ನೂ ಎಂಜಿನ್ನೇ ತಿರುಗಿಸುವ ಗಾಡಿಯವನಿಗಂತೂ ಹೇಳುವುದೇ ಬೇಡ. ಅವನ ಗಾಡಿ ಹೊರಡುವಾಗ ಇತರರದಕ್ಕಿಂತ ಚೆನ್ನಾಗಿ ಹೊರಡುತ್ತದೆ, ನಿಜ. ನಿಲ್ಲುವಾಗ ಎಲ್ಲರ ಗಾಡಿಗೂ ನಾಲ್ಕೇ ಗಾಲಿಗಳ ಬ್ರೇಕು.

ನಿಧಾನದಿಂದ ತುಂಬಿಕೊಳ್ಳಲಾಗದ ಕೊರತೆಯೂ ಒಂದಿದೆ. ಹತ್ತು ಮೀಟರಿಗೆ ಒಂದು ಮೀಟರು ಏರುವ ಬೆಟ್ಟದ ದಾರಿಯನ್ನು ನೆನೆಯಿರಿ. ಎಂಜಿನ್ನು ತಿರುಗಿಸುವ ಎರಡು ಗಾಲಿಗಳ ಮೇಲೆ ಗಾಡಿಯ ಅರ್ಧ ಭಾರ ಬಿದ್ದಿದ್ದರೆ, ಮೇಲೇರಲು ಗುಣಾಂಕ 0.2 ಆದರೂ ಬೇಕು. ಅದು 0.1ಕ್ಕೆ ಇಳಿದಾಗ ಎಂಥ ನಿಪುಣನೂ ಗಾಲಿಯನ್ನು ನಿಂತಲ್ಲಿಯೇ ತಿರುಗಿಸುತ್ತ ಕುಳಿತಿರಬೇಕು. ಇಳಿಯುವಾಗಿನ ಸ್ಥಿತಿ ಇನ್ನೂ ಕಠಿನ, ಏಕೆಂದರೆ ನಾಲ್ಕು ಗಾಲಿಗಳ ಬ್ರೇಕೂ ಗಾಡಿಯನ್ನು ನಿಲ್ಲಿಸಲಾರದು. ಹಿಮಾಲಯದ ಕಣಿವೆದಾರಿಗಳಲ್ಲಿ ಗಾಲಿಗಳಿಗೆ ಕಬ್ಬಿಣದ ಸರಪಳಿ ಸುತ್ತಿಕೊಂಡು ಹೋಗುವುದು ಇದಕ್ಕಾಗಿಯೇ. 1904ರಲ್ಲಿ ಹ್ಯಾರಿ ವೀಡ್ ಎಂಬ ಅಮೆರಿಕದವನು ಈ ಸರಪಳಿಗೆ ಹಕ್ಕುಪತ್ರ ಪಡೆದನು. 3,978 ಮೀಟರು ಎತ್ತರದ ರೋಹತಾಂಗ್ ಕಣಿವೆಯ ಕೆಳಗೆ 2020ರಲ್ಲಿ ಅಟಲ್ ಸುರಂಗ ತೆರೆದ ಬಳಿಕ ಬಯಲುಸೀಮೆಯ ಗಾಡಿಗಳು ಬಯಲುಸೀಮೆಯ ಟಯರುಗಳಲ್ಲಿಯೇ ಚಳಿಗಾಲದಲ್ಲಿ ಲಾಹೌಲಿನವರೆಗೆ ಹೋಗತೊಡಗಿವೆ. ಸ್ವೀಡನ್ನಿನಲ್ಲಿ ಹಾಗೆ ಮಾಡುವಂತಿಲ್ಲ: ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯಲ್ಲಿ ಹಿಮವಾಗಲಿ ಮಂಜುಗಡ್ಡೆಯಾಗಲಿ ಇದ್ದರೆ ಚಳಿಗಾಲದ ಟಯರು ಕಡ್ಡಾಯ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಹಿಮವಿದ್ದರೂ ಇಲ್ಲದಿದ್ದರೂ ಕಡ್ಡಾಯ. ಚಾಲಕನು ಗಟ್ಟಿಗನೇ ಅಲ್ಲವೇ ಎಂಬುದನ್ನು ಆ ಕಾನೂನುಗಳು ವಿಚಾರಿಸುವುದೇ ಇಲ್ಲ.

ಪ್ರಶ್ನೆ ಕೇಳಿದ ಹುಡುಗನು ಮರುದಿನ ತಾನೇ ಒಂದು ಲೆಕ್ಕ ಮಾಡಿ ತಂದಿದ್ದನು. ಗಂಟೆಗೆ 80 ಕಿಲೋಮೀಟರು ವೇಗ, ಹಿಮದ ರಸ್ತೆ, ಸಾಧಾರಣ ಟಯರು. ಉತ್ತರ 126 ಮೀಟರು. ಅಷ್ಟು ಉದ್ದವೆಂದರೆ ಎಷ್ಟೆಂದು ಅಳೆದು ನೋಡಲು ಹೊರಟೆವು. ನಮ್ಮ ಶಾಲೆಯ ಅಂಗಳ ಸಾಲಲಿಲ್ಲ, ಗೇಟು ದಾಟಿ ರಸ್ತೆಗೆ ಹೋಗಬೇಕಾಯಿತು.