ಗಾಜಿಲ್ಲದ ತೊಟ್ಟಿ

ನೀರಿನೊಳಗೆ ಮೀನು ಹೇಗೆ ಬಾಳುತ್ತದೆ ಎಂಬುದನ್ನು ದಡದಲ್ಲಿ ನಿಂತವನು ಪೂರ್ಣವಾಗಿ ಕಾಣಲಾರ. ಮೇಲ್ಮೈಯಲ್ಲಿ ಬಿಸಿಲು ಹೊಳೆದು ಕಣ್ಣು ಕೋರೈಸುತ್ತದೆ, ಆಳವು ಮಬ್ಬಾಗಿರುತ್ತದೆ, ನೆರಳು ಬಿದ್ದೊಡನೆ ಮೀನು ಮರೆಯಾಗುತ್ತದೆ. ಈ ತೆರೆಯನ್ನು ಸರಿಸಿ, ನೀರಿನ ಒಳಬಾಳನ್ನು ಗಾಜಿನ ಹಿಂದೆ ತೋರಿಸುವ ಸ್ಥಳವೇ ಮತ್ಸ್ಯಾಲಯ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ, ಕಸ್ತೂರಬಾ ರಸ್ತೆಯ ಬದಿಯಲ್ಲಿ, 1983ರಲ್ಲಿ ಇಂತಹ ಒಂದು ಸರ್ಕಾರಿ ಮತ್ಸ್ಯಾಲಯ ಪ್ರಾರಂಭವಾಯಿತು.

2016ರ ಏಪ್ರಿಲ್ ತಿಂಗಳ ಒಂದು ಭಾನುವಾರ ಹಲಸೂರಿನ ಒಂದು ಕುಟುಂಬ ಅಲ್ಲಿಗೆ ಹೊರಟಿತು. ತಂದೆ, ತಾಯಿ, ಒಂಬತ್ತನೆಯ ತರಗತಿಗೆ ಕಾಲಿಡಲಿದ್ದ ಮಗಳು, ಎಂಟು ವರ್ಷದ ಮಗ, ಬೇಸಗೆಯನ್ನು ಮೊಮ್ಮಕ್ಕಳೊಡನೆ ಕಳೆಯಲು ಶೃಂಗೇರಿಯಿಂದ ಬಂದಿದ್ದ ಅಜ್ಜಿ, ಹೀಗೆ ಐವರು. ತಾಯಿ ಬುತ್ತಿಯ ಡಬ್ಬಿಯನ್ನೂ ಒಂದು ಪೊಟ್ಟಣ ಮಂಡಕ್ಕಿಯನ್ನೂ ಚೀಲದಲ್ಲಿಟ್ಟುಕೊಂಡಿದ್ದಳು. ನೋಡುವವರಿಗೆ ಅದೊಂದು ಸಾಧಾರಣವಾದ ರಜೆಯ ವಿಹಾರ. ಆದರೆ ಅದರ ಹಿಂದೆ ಒಂದು ಕಾರಣವಿತ್ತು.

ಆ ವರ್ಷದ ಮಾರ್ಚ್ ತಿಂಗಳಲ್ಲಿ ಒಂದು ಬೆಳಗ್ಗೆ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದವು. ಬೆಳ್ಳಗೆ ಹೊಟ್ಟೆ ಮೇಲಾಗಿ ಬಿದ್ದಿದ್ದ ಅವುಗಳ ರಾಶಿ ದಡದುದ್ದಕ್ಕೂ ಒತ್ತರಿಸಿ ನಿಂತಿತ್ತು. ತಂದೆಯ ಕೈ ಹಿಡಿದು ಆ ದಾರಿಯಲ್ಲಿ ಹೋಗುತ್ತಿದ್ದ ಹುಡುಗ ಅದನ್ನು ಕಂಡ. ಅಂದಿನಿಂದ ಕೆರೆಯ ದಾರಿಯನ್ನೇ ಬಿಟ್ಟ. ಒಂದು ರಾತ್ರಿ ಊಟದ ಹೊತ್ತಿನಲ್ಲಿ, "ಅಪ್ಪಾ, ಮೀನು ಕೂಡ ನೀರಿನಲ್ಲಿ ಮುಳುಗಿ ಸಾಯುತ್ತದೆಯೇ?" ಎಂದು ಕೇಳಿದ. ಅಕ್ಕ ನಕ್ಕಳು. ತಂದೆ ನಗಲಿಲ್ಲ, ಉತ್ತರವನ್ನೂ ಹೇಳಲಿಲ್ಲ. "ಮಗು ಸತ್ತ ಮೀನನ್ನು ನೋಡಿ ಹೆದರಿದೆ. ಜೀವಂತ ಮೀನನ್ನೂ ಒಮ್ಮೆ ಹತ್ತಿರದಿಂದ ನೋಡಲಿ" ಎಂದು ಅಜ್ಜಿ ಹೇಳಿದರು. ವಿಹಾರ ಗೊತ್ತಾದದ್ದು ಹೀಗೆ.

ಹಲಸೂರಿನಲ್ಲಿ ಮೆಟ್ರೊ ರೈಲು ಹತ್ತಿ, ಮಹಾತ್ಮಾ ಗಾಂಧಿ ರಸ್ತೆಯ ನಿಲ್ದಾಣದಲ್ಲಿಳಿದು, ಅವರು ನಡೆದೇ ಉದ್ಯಾನವನ್ನು ತಲಪಿದರು. 1870ರಲ್ಲಿ ಇಂಜಿನಿಯರ್ ರಿಚರ್ಡ್ ಸ್ಯಾಂಕಿಯವರ ಯೋಜನೆಯಂತೆ ರೂಪುಗೊಂಡ ಆ ಉದ್ಯಾನದ ಹೆಮ್ಮರಗಳ ನೆರಳಿನಲ್ಲಿ ಏಪ್ರಿಲ್ ತಿಂಗಳ ಬಿಸಿಲೂ ಮೆತ್ತಗಾಗಿತ್ತು. ಮತ್ಸ್ಯಾಲಯದ ಬಾಗಿಲು ದಾಟಿದೊಡನೆ ಹೊರಗಿನ ಬೆಳಕು ಹಿಂದುಳಿಯಿತು. ಒಳಗೆ ಮಂದವಾದ ತಂಪು. ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು. ಅವುಗಳೊಳಗೆ ಹಸುರು ಬೆಳಕು. ಆ ಬೆಳಕಿನಲ್ಲಿ ತೇಲುವ ಬಣ್ಣಗಳು.

ಹುಡುಗ ಮೊದಲು ತಾಯಿಯ ಸೆರಗಿನ ಮರೆಯಲ್ಲಿಯೇ ನಿಂತಿದ್ದ. ಅಷ್ಟರಲ್ಲಿ ಹೊಂಬಣ್ಣದ ಮೀನೊಂದು ತನ್ನ ತೆಳುವಾದ ಬಾಲವನ್ನು ಬೀಸಿಕೊಂಡು ಗಾಜಿನ ಬಳಿಗೆ ಬಂದು, ಬಾಯನ್ನು ತೆರೆದು ಮುಚ್ಚಿ, ಅವನನ್ನೇ ನೋಡುವಂತೆ ನಿಂತಿತು. ಹುಡುಗನ ಅಂಜಿಕೆ ಎಲ್ಲಿಯೋ ಹೋಯಿತು. ಗೋಲ್ಡ್‌ಫಿಷ್ ಎಂದು ಹೆಸರಾದ ಈ ಮೀನಿನ ತವರು ಚೀನಾ ದೇಶ. ಅಲ್ಲಿನ ಜನ ಸಾವಿರ ವರ್ಷಗಳ ಹಿಂದೆಯೇ ಇದನ್ನು ಕೊಳಗಳಲ್ಲಿ ಸಾಕಿದ್ದರು. ಪಕ್ಕದ ತೊಟ್ಟಿಯಲ್ಲಿ ತ್ರಿಕೋನಾಕಾರದ ಏಂಜಲ್ ಮೀನುಗಳು ತೆಳ್ಳನೆಯ ಹಲಗೆಗಳಂತೆ ಜಲಸಸ್ಯಗಳ ನಡುವೆ ನುಸುಳುತ್ತಿದ್ದವು. ಅವು ದಕ್ಷಿಣ ಅಮೆರಿಕದ ಅಮೆಜಾನ್ ನದೀಪ್ರದೇಶದವು. ಮತ್ತೊಂದರಲ್ಲಿ ಏಷ್ಯಾ ಖಂಡದ ಗೌರಾಮಿ ಮೀನುಗಳಿದ್ದವು. ಅವು ಆಗಾಗ ನೀರಿನ ಮೇಲಕ್ಕೆ ಬಂದು, ಒಂದು ಗುಟುಕು ಗಾಳಿ ಕುಡಿದು, ಮತ್ತೆ ಕೆಳಗಿಳಿಯುತ್ತಿದ್ದವು.

ಹುಡುಗ ಉತ್ಸಾಹದಿಂದ ಗಾಜಿನ ಮೇಲೆ ಬೆರಳಿನಿಂದ ಬಡಿದ. ತೊಟ್ಟಿಯ ಮೀನುಗಳೆಲ್ಲ ಒಮ್ಮೆಲೇ ಬೆದರಿ ಮೂಲೆ ಸೇರಿದವು.

"ಬಡಿಯಬಾರದು ಮರಿ" ಎಂದಿತು ಹಿಂದಿನಿಂದ ಒಂದು ಧ್ವನಿ. ತೊಟ್ಟಿಗಳನ್ನು ನೋಡಿಕೊಳ್ಳುವ ಹಿರಿಯ ನೌಕರರೊಬ್ಬರು ಬಕೆಟ್ಟನ್ನು ಕೆಳಗಿಟ್ಟು ಹತ್ತಿರ ಬಂದರು. "ಮೀನಿನ ಮೈಯ ಎರಡೂ ಬದಿಯಲ್ಲಿ ಒಂದೊಂದು ಗೆರೆಯಿದೆ, ನೋಡು. ನೀರಿನ ಅಲುಗಾಟವನ್ನು ಅದು ಆ ಗೆರೆಯಿಂದಲೇ ತಿಳಿಯುತ್ತದೆ. ನಿನಗೆ ಸಣ್ಣ ಸದ್ದು; ಅದಕ್ಕೆ ಮನೆಯೇ ನಡುಗಿದಂತೆ."

ಹುಡುಗ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆಯಲ್ಲಿ ಯಾರೂ ಉತ್ತರಿಸದಿದ್ದ ಪ್ರಶ್ನೆಯನ್ನು ಅವರ ಮುಂದಿಟ್ಟ: "ಮಾಮ, ಮೀನು ನೀರಿನಲ್ಲಿ ಮುಳುಗಿ ಸಾಯುತ್ತದೆಯೇ?"

ನೌಕರರು ನಗಲಿಲ್ಲ. "ಮುಳುಗಿ ಸಾಯುವುದಿಲ್ಲ. ಆದರೆ ನೀರಿನಲ್ಲಿದ್ದುಕೊಂಡೇ ಉಸಿರು ಕಟ್ಟಿ ಸಾಯುತ್ತದೆ" ಎಂದರು.

ಅವರು ಹೇಳಿದ್ದು ಇಷ್ಟು: ಮೀನಿಗೂ ಆಮ್ಲಜನಕ ಬೇಕು. ಬಾಯಿಂದ ಒಳಗೆ ತೆಗೆದುಕೊಂಡ ನೀರು ಕಿವಿರುಗಳ ಮೇಲೆ ಹರಿದು ಹೊರಗೆ ಹೋಗುತ್ತದೆ. ಹೋಗುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ಕಿವಿರುಗಳ ರಕ್ತಕ್ಕೆ ಸೇರುತ್ತದೆ. ಆದರೆ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕವಿದ್ದರೆ, ಒಂದು ಲೀಟರ್ ಒಳ್ಳೆಯ ಸಿಹಿನೀರಿನಲ್ಲಿ ಇರುವುದು ಸುಮಾರು 6 ಮಿಲಿಲೀಟರ್.

"ಎಂದರೆ ನಮಗಿರುವುದರಲ್ಲಿ ಮೂವತ್ತೈದರಲ್ಲಿ ಒಂದು ಪಾಲು!" ಎಂದು ಮಗಳು ಬೆರಗಾದಳು.

"ಅದೂ ನೀರು ತಣ್ಣಗಿದ್ದರೆ ಹೆಚ್ಚು, ಬೆಚ್ಚಗಾದಷ್ಟೂ ಕಡಿಮೆ" ಎಂದು ನೌಕರರು ಮುಂದುವರಿಸಿದರು. "ಗೌರಾಮಿಯಂತಹ ಕೆಲವು ಮೀನುಗಳಿಗೆ ಮೇಲಿನ ಗಾಳಿಯನ್ನು ಉಸಿರಾಡುವ ಅಂಗ ಬೇರೆಯಾಗಿ ಇದೆ; ಮಿಕ್ಕ ಬಹಳಷ್ಟು ಮೀನುಗಳಿಗೆ ಆ ಭಾಗ್ಯವಿಲ್ಲ. ಅದಕ್ಕಾಗಿಯೇ ಇಲ್ಲಿ ಹಗಲಿರುಳು ಮೋಟಾರು ಗಾಳಿ ಊದುತ್ತದೆ. ಈ ಗುಳ್ಳೆಗಳು ಬರಿಯ ಅಂದಕ್ಕಲ್ಲ. ಇವು ಮೇಲೆದ್ದು ನೀರನ್ನು ಕಲಕುತ್ತವೆ. ಕಲಕಿದ ನೀರು ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ."

ಅಲ್ಲಿಯವರೆಗೆ ಮೀನಿನ ಬಣ್ಣವನ್ನು ನೋಡುತ್ತಿದ್ದವರೆಲ್ಲರೂ ಈಗ ಗುಳ್ಳೆಗಳ ಸಾಲನ್ನು ನೋಡತೊಡಗಿದರು.

ಹುಡುಗನ ಮನಸ್ಸಿನಲ್ಲಿ ಮಾತ್ರ ಬೇರೊಂದು ಯೋಚನೆ ಮೂಡಿತ್ತು. "ಅಪ್ಪಾ, ನಾವೂ ಒಂದು ಹೊಂಬಣ್ಣದ ಮೀನನ್ನು ಮನೆಗೆ ಒಯ್ಯೋಣ. ಗಾಜಿನ ಬಟ್ಟಲಿನಲ್ಲಿ ಇಡೋಣ. ನಮ್ಮ ಮನೆಯಲ್ಲಿ ಅದು ಸಾಯುವುದಿಲ್ಲ" ಎಂದ. ಕೆರೆಯಲ್ಲಿ ಸತ್ತವುಗಳಿಗೆ ಬದಲಾಗಿ ಒಂದನ್ನಾದರೂ ಉಳಿಸುವ ಹಂಬಲ ಆ ಮಾತಿನಲ್ಲಿತ್ತು. ತಂದೆ ನೌಕರರ ಮುಖ ನೋಡಿದರು.

"ಬಟ್ಟಲು ಸಾಲದು ಮರಿ" ಎಂದರು ಅವರು ಮೃದುವಾಗಿ. "ಚೆನ್ನಾಗಿ ನೋಡಿಕೊಂಡರೆ ಈ ಮೀನು ಗೇಣುದ್ದ ಬೆಳೆಯುತ್ತದೆ, ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಅದು ತಿಂದದ್ದು ಹೊಲಸಾಗಿ ಅದರ ಮನೆಯಲ್ಲಿಯೇ ಉಳಿಯುತ್ತದೆ. ಆ ಹೊಲಸಿನಲ್ಲಿ ಅಮೋನಿಯ ಎಂಬ ವಿಷವಿದೆ. ತೊಟ್ಟಿಯ ಮರಳಿನಲ್ಲೂ ಸೋಸುವ ಯಂತ್ರದಲ್ಲೂ ಮನೆಮಾಡಿಕೊಂಡ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟು ಕೇಡಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ಬಟ್ಟಲಿನಲ್ಲಿ ಆ ಬ್ಯಾಕ್ಟೀರಿಯಗಳು ಇರುವುದಿಲ್ಲ. ಅವು ನೆಲೆಯೂರಲು ವಾರಗಳು ಬೇಕು. ಅಷ್ಟರಲ್ಲಿ ಮೀನು ತನ್ನ ಹೊಲಸಿನಲ್ಲಿಯೇ ಸೊರಗುತ್ತದೆ. ತಿನ್ನದೆ ಉಳಿದ ಆಹಾರವೂ ಕೊಳೆತು ಆಮ್ಲಜನಕವನ್ನು ನುಂಗುತ್ತದೆ. ಪ್ರೀತಿಯಿಂದ ಹಿಡಿ ಹಿಡಿ ಆಹಾರ ಹಾಕಿಯೇ ಮೀನನ್ನು ಕೊಂದವರಿದ್ದಾರೆ."

"ಬೇಡವೆನಿಸಿದರೆ ಕೆರೆಗೆ ಬಿಡಬಹುದಲ್ಲ?" ಎಂದು ಮಗಳು ಕೇಳಿದಳು.

"ಅದು ಇನ್ನೂ ತಪ್ಪಮ್ಮ. ಬೇರೆ ದೇಶದ ಮೀನು ನಮ್ಮ ಕೆರೆಯಲ್ಲಿ ಬದುಕಿ ಬೆಳೆದರೆ, ಇಲ್ಲಿಯ ಮೀನಿನ ಆಹಾರವನ್ನೂ ಮರಿಗಳನ್ನೂ ತಿನ್ನುತ್ತದೆ. ಆಫ್ರಿಕದ ತಿಲಾಪಿಯ 1952ರಲ್ಲಿ ನಮ್ಮ ದೇಶಕ್ಕೆ ಬಂತು. ಈಗ ಅದಿಲ್ಲದ ಕೆರೆಯನ್ನು ಹುಡುಕಬೇಕು. ಮೀನನ್ನು ತರುವುದು ಸುಲಭ. ತಂದ ಮೇಲೆ ಅದರ ನೀರಿಗೆ ಹೊಣೆಯಾಗುವುದು ಕಷ್ಟ."

ಇಷ್ಟು ಹೇಳಿ ಅವರು ಬಕೆಟ್ಟನ್ನೆತ್ತಿಕೊಂಡು ತಮ್ಮ ಕೆಲಸಕ್ಕೆ ಹೋದರು. ಹುಡುಗ ಮತ್ತೆ ಮೀನನ್ನು ಬೇಡಲಿಲ್ಲ. ಆದರೆ ಆ ಹೊಂಬಣ್ಣದ ಮೀನಿನ ಮುಂದೆ ಬಹಳ ಹೊತ್ತು ನಿಂತ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ.

ಮಧ್ಯಾಹ್ನ ಎಲ್ಲರೂ ಮರದಡಿಯಲ್ಲಿ ಬುತ್ತಿ ಬಿಚ್ಚಿದರು. ಅಜ್ಜಿ ತಮ್ಮ ಊರಿನ ಮಾತನ್ನೆತ್ತಿದರು. ಶೃಂಗೇರಿಯಲ್ಲಿ ತುಂಗಾ ನದಿಯ ಮೆಟ್ಟಿಲುಗಳ ಬಳಿ ಮಂಡಕ್ಕಿ ಎಸೆದರೆ ಮೊಳದುದ್ದದ ಮೀನುಗಳು ಮೈಮೇಲೆ ಮೈಯಿಟ್ಟು ಮುಗಿಬೀಳುತ್ತವೆ. ಅವನ್ನು ದೇವರ ಮೀನುಗಳೆಂದು ಜನ ನಂಬುತ್ತಾರೆ. ಅಲ್ಲಿ ಯಾರೂ ಬಲೆ ಬೀಸುವುದಿಲ್ಲ. ದಕ್ಷಿಣ ಕನ್ನಡದ ಶಿಶಿಲದಲ್ಲಿಯೂ ಕಪಿಲಾ ನದಿಯ ಮೀನುಗಳಿಗೆ ಇಂತಹುದೇ ರಕ್ಷಣೆಯಿದೆ. "ಅಲ್ಲಿ ಗಾಜೂ ಇಲ್ಲ, ಮೋಟಾರೂ ಇಲ್ಲ" ಎಂದು ಅಜ್ಜಿ ನಕ್ಕರು. "ಜನ ಕೈ ತಡೆದುಕೊಂಡಿದ್ದಾರೆ, ಮಿಕ್ಕದ್ದನ್ನು ಹರಿಯುವ ನೀರೇ ಮಾಡಿಕೊಳ್ಳುತ್ತದೆ."

ಸಂಜೆ ಹಲಸೂರಿಗೆ ಹಿಂತಿರುಗಿದಾಗ ಹುಡುಗನೇ ಮುಂದಾಗಿ, "ಕೆರೆಯ ದಾರಿಯಲ್ಲಿ ಹೋಗೋಣ" ಎಂದ. ತಾಯಿ ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬಿಸಿಲು ಇಳಿಯುತ್ತಿತ್ತು. ಕೆರೆ ಶಾಂತವಾಗಿತ್ತು. ನಡುವೆ ಎಲ್ಲಿಯೋ ಒಂದು ಮೀನು ಚಿಮ್ಮಿ, ನೀರಿನ ಮೇಲೆ ಉಂಗುರಗಳು ಹರಡಿದವು. ಎಲ್ಲವೂ ಸತ್ತಿರಲಿಲ್ಲ.

ಹುಡುಗ ಸಂತೋಷದಿಂದ ಚೀಲದಲ್ಲಿ ಉಳಿದಿದ್ದ ಮಂಡಕ್ಕಿಯ ಪೊಟ್ಟಣಕ್ಕೆ ಕೈ ಹಾಕಿದ. ಅಜ್ಜಿಯೇ ಅವನನ್ನು ತಡೆದರು. "ಬೇಡ ಪುಟ್ಟ. ತುಂಗೆ ಹರಿಯುತ್ತಾಳೆ; ಇದು ನಿಂತ ನೀರು. ತಿನ್ನದೆ ಉಳಿದರೆ ಕೊಳೆಯುತ್ತದೆಂದು ಅವರು ಹೇಳಲಿಲ್ಲವೆ?"

ಹುಡುಗ ಕೈಯನ್ನು ಹಿಂದೆಗೆದುಕೊಂಡು ಕೆರೆಯನ್ನೇ ದಿಟ್ಟಿಸಿದ. "ಅಪ್ಪಾ, ಈ ತೊಟ್ಟಿಗೆ ಗಾಳಿ ಊದುವವರು ಯಾರು?"

ಈ ಸಲ ತಂದೆಗೆ ಉತ್ತರ ತಿಳಿದಿತ್ತು. "ಬೀಸುವ ಗಾಳಿಯೇ ಇದರ ಮೋಟಾರು. ಹಗಲಿನಲ್ಲಿ ನೀರಿನ ಪಾಚಿಯೂ ಗಿಡಗಳೂ ಆಮ್ಲಜನಕ ಕೊಡುತ್ತವೆ. ರಾತ್ರಿ ಅವೂ ಕೊಡುವುದನ್ನು ನಿಲ್ಲಿಸಿ, ಮೀನಿನಂತೆಯೇ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಚರಂಡಿಯ ಕೊಳಚೆ ಬಂದು ಸೇರಿದರೆ, ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಗಳು ಉಳಿದದ್ದನ್ನೂ ಬಳಸಿಬಿಡುತ್ತವೆ. ಬೇಸಗೆಯಲ್ಲಿ ನೀರು ಬೆಚ್ಚಗೆ ಬೇರೆ. ಬೆಳಗಾಗುವ ಹೊತ್ತಿಗೆ ಮೀನಿಗೆ ಏನೂ ಉಳಿದಿರುವುದಿಲ್ಲ. ನೀನು ಅಂದು ಕಂಡದ್ದು ಅದನ್ನೇ."

ಮಗಳು ಮೆಲ್ಲನೆ ಕೇಳಿದಳು: "ಅಪ್ಪಾ, ನಮ್ಮ ಮನೆಯ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ?"

ತಂದೆ ಉತ್ತರಕ್ಕೆ ಬಾಯಿ ತೆರೆದವರು ಹಾಗೆಯೇ ನಿಂತರು. ಹದಿನೈದು ವರ್ಷ ಆ ಮನೆಯಲ್ಲಿದ್ದರೂ ಅವರು ಅದನ್ನು ಎಂದೂ ವಿಚಾರಿಸಿರಲಿಲ್ಲ. ಮೀನಿನ ಸಾವಿಗೆ ಯಾರೋ ಕಾರಣರೆಂದು ನಂಬಿ ಅವರು ಒಂದು ತಿಂಗಳನ್ನು ಕಳೆದಿದ್ದರು. ಆ ಯಾರೋ ಎಂಬವರಲ್ಲಿ ತಾವೂ ಒಬ್ಬರಿರಬಹುದೆಂಬ ಯೋಚನೆ ಅವರಿಗೆ ಬಂದದ್ದು ಆಗಲೇ.

"ಗೊತ್ತಿಲ್ಲಮ್ಮ" ಎಂದರು ಕೊನೆಗೆ. "ನಾಳೆ ನಾವಿಬ್ಬರೂ ಹೋಗಿ ವಿಚಾರಿಸೋಣ."

"ನಾನೂ ಬರುತ್ತೇನೆ" ಎಂದ ಹುಡುಗ.

ಗಾಜಿನ ತೊಟ್ಟಿಯ ನೀರು ಕೆಟ್ಟರೆ ಕೂಡಲೆ ಕಣ್ಣಿಗೆ ಬೀಳುತ್ತದೆ. ಅದನ್ನು ನೋಡಿಕೊಳ್ಳಲು ಒಬ್ಬ ನೌಕರನಿರುತ್ತಾನೆ. ಊರಿನ ಕೆರೆಗೆ ಗಾಜಿಲ್ಲ. ಅದರ ನೌಕರರು ಯಾರೆಂಬುದನ್ನು ಅದರ ದಡದಲ್ಲಿ ಬಾಳುವವರೇ ಹೇಳಬೇಕು. ಆ ಸಂಜೆ ಐವರೂ ಮಾತಿಲ್ಲದೆ ಮನೆಯ ಕಡೆ ನಡೆದರು. ಮಂಡಕ್ಕಿಯ ಪೊಟ್ಟಣ ಹುಡುಗನ ಕೈಯಲ್ಲಿ ಹಾಗೆಯೇ ಇತ್ತು.

ಅಭ್ಯಾಸ

1. ಹುಡುಗನ ಪ್ರಶ್ನೆಗೆ ಮತ್ಸ್ಯಾಲಯದ ನೌಕರರು ಕೊಟ್ಟ ಉತ್ತರವನ್ನು ನಿಮ್ಮ ಮಾತಿನಲ್ಲಿ ವಿವರಿಸಿ.
2. ಗಾಜಿನ ಬಟ್ಟಲಿನಲ್ಲಿ ಮೀನು ಸಾಕುವುದು ಏಕೆ ಸರಿಯಲ್ಲ?
3. ಶೃಂಗೇರಿಯಲ್ಲಿ ಮಂಡಕ್ಕಿ ಹಾಕುತ್ತಿದ್ದ ಅಜ್ಜಿ ಹಲಸೂರು ಕೆರೆಯಲ್ಲಿ ಮೊಮ್ಮಗನನ್ನು ತಡೆದುದೇಕೆ?
4. "ಗಾಜಿಲ್ಲದ ತೊಟ್ಟಿ" ಎಂಬ ಹೆಸರು ಈ ಪಾಠಕ್ಕೆ ಹೇಗೆ ಒಪ್ಪುತ್ತದೆ?
5. ನಿಮ್ಮ ಮನೆಯ ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಹಿರಿಯರೊಡನೆ ವಿಚಾರಿಸಿ, ಒಂದು ಪುಟ ಬರೆಯಿರಿ.