ಲಕ್ವ ಹೊಡೆದವರಿಗೆ ಮನೆಯವರ ಆರೈಕೆಯೊಂದೇ ಸಾಕೇ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಏಳು ವಾರದ ಹಿಂದೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಡಿಸ್ಚಾರ್ಜ್ ಮಾಡುವಾಗ ವ್ಯಾಯಾಮದ ಚಿತ್ರಗಳಿರುವ ಹಾಳೆ ಕೊಟ್ಟು ‘ಮನೆಯಲ್ಲೇ ಮಾಡಿಸಿ’ ಎಂದರು. ತಾಯಿ, ನಾನು ದಿನಾ ಮಾಡಿಸುತ್ತಿದ್ದೇವೆ. ಫಿಸಿಯೊಥೆರಪಿಗೆಂದು ತುಮಕೂರಿಗೆ ಓಡಾಡಲು ಆಗುತ್ತಿಲ್ಲ. ಮನೆಯವರೇ ಮಾಡಿಸಿದರೆ ಸಾಕಲ್ಲವೇ ಡಾಕ್ಟರೇ?
– ಓದುಗರು, ಮಧುಗಿರಿ ತಾಲ್ಲೂಕು

ಉತ್ತರ: ಸಾಲದು. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನೀವು ಕೇಳಿದ ಪ್ರಶ್ನೆಗೆ ಹತ್ತಿರದ್ದೊಂದನ್ನು ಇಟ್ಟುಕೊಂಡು ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ ‘ಅಟೆಂಡ್’ ಎಂಬ ಅಧ್ಯಯನ ನಡೆಯಿತು. ಲೂಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಜಯರಾಜ್ ಪಾಂಡಿಯನ್ ಅದರ ಮುಂಚೂಣಿಯಲ್ಲಿದ್ದರು. 2014ರಿಂದ 2016ರವರೆಗೆ 1,250 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಸ್ಪತ್ರೆಯ ಎಂದಿನ ಚಿಕಿತ್ಸೆ ಮಾತ್ರ. ಇನ್ನೊಂದು ಗುಂಪಿನಲ್ಲಿ ಅದರ ಜೊತೆಗೆ ಮನೆಯವರೊಬ್ಬರಿಗೆ ಆಸ್ಪತ್ರೆಯಲ್ಲೇ ತರಬೇತಿ ಶುರುಮಾಡಿ, ಮನೆಗೆ ಹೋದ ಮೇಲೂ ಎರಡು ತಿಂಗಳವರೆಗೆ ಮುಂದುವರಿಸಿದರು. ಆರು ತಿಂಗಳ ಮೇಲೆ ತೀರಿಕೊಂಡವರು ಮತ್ತು ದಿನನಿತ್ಯದ ಕೆಲಸಕ್ಕೆ ಇನ್ನೊಬ್ಬರನ್ನು ಆಶ್ರಯಿಸಬೇಕಾದವರು ಎಷ್ಟು ಜನ ಎಂದು ಎಣಿಸಿದರು. ತರಬೇತಿ ಪಡೆದ ಗುಂಪಿನ 607 ಜನರಲ್ಲಿ 285, ಪಡೆಯದ ಗುಂಪಿನ 605 ಜನರಲ್ಲಿ 287. ಎರಡರಲ್ಲೂ ನೂರಕ್ಕೆ 47. ಫಲಿತಾಂಶ 2017ರಲ್ಲಿ ಪ್ರಕಟವಾದಾಗ, ಥೆರಪಿಸ್ಟಿನ ಕೆಲಸವನ್ನು ಮನೆಯವರ ಹೆಗಲಿಗೆ ದಾಟಿಸುವ ಯೋಜನೆಗಳಿಗೆ ಸದ್ಯಕ್ಕೆ ಹಣ ಹಾಕಬೇಡಿ ಎಂದು ಸಂಶೋಧಕರೇ ಹೇಳಿದರು. ಆ ವಿಧಾನ ಫಲ ಕೊಡಬಹುದೆಂಬ ಆಸೆಯಿಂದ ಅಧ್ಯಯನಕ್ಕೆ ಇಳಿದವರೂ ಅವರೇ ಎಂಬುದನ್ನು ಮರೆಯಬಾರದು.

‘ಹಾಗಾದರೆ ನಾವು ಬೆವರು ಸುರಿಸುತ್ತಿರುವುದೆಲ್ಲ ದಂಡವೇ’ ಎಂದು ನಿಮಗೆ ಅನ್ನಿಸಬಹುದು. ಅಧ್ಯಯನ ಹಾಗೆ ಹೇಳುವುದಿಲ್ಲ. ಅಲ್ಲಿ ಹೋಲಿಸಿದ್ದು ವ್ಯಾಯಾಮ ಮಾಡಿದವರನ್ನು ಮಾಡದವರೊಂದಿಗೆ ಅಲ್ಲ. ಎಂದಿನ ಚಿಕಿತ್ಸೆಯಲ್ಲಿ ಸಿಗುವಷ್ಟು ಫಿಸಿಯೊಥೆರಪಿ ಎರಡೂ ಗುಂಪಿಗೆ ಸಿಕ್ಕಿತ್ತು. ಅದರ ಮೇಲೆ ಮನೆಯವರಿಗೂ ತರಬೇತಿ ಕೊಟ್ಟದ್ದರಿಂದ ಲೆಕ್ಕಕ್ಕೆ ಸಿಗುವ ಹೆಚ್ಚಿನ ಲಾಭ ಬರಲಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ. ಬೇರೆ ಕಡೆಯ ಪುರಾವೆಯೂ ಇದೇ ದಾರಿಯಲ್ಲಿದೆ. 2004ರಲ್ಲಿ ಲಂಡನ್ನಿನ ಒಂದೇ ಕೇಂದ್ರದಲ್ಲಿ 300 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಮನೆಯವರಿಗೆ ತರಬೇತಿ ಕೊಟ್ಟಾಗ ಖರ್ಚೂ ಇಳಿಯಿತು, ರೋಗಿಯ ಮನಸ್ಸೂ ಹಗುರಾಯಿತು. ಅದನ್ನೇ ಬ್ರಿಟನ್ನಿನ 36 ಘಟಕಗಳಿಗೆ ಹರಡಿ 928 ಕುಟುಂಬಗಳಲ್ಲಿ ನೋಡಿದಾಗ (2013) ಆ ಲಾಭ ಕಾಣಲಿಲ್ಲ. ಉತ್ಸಾಹಿಗಳ ಒಂದು ಕೇಂದ್ರದಲ್ಲಿ ನಡೆದದ್ದು ಎಲ್ಲೆಡೆ ನಡೆಯುವುದಿಲ್ಲ. ನಮ್ಮಲ್ಲೇ 31 ಕೇಂದ್ರಗಳ 4,298 ರೋಗಿಗಳನ್ನು ಒಳಗೊಂಡ ‘ಸ್ಪ್ರಿಂಟ್ ಇಂಡಿಯಾ’ ಅಧ್ಯಯನದಲ್ಲಿ ಎರಡನೇ ಸಲ ಲಕ್ವ ಹೊಡೆಯದಿರಲೆಂದು ಮೊಬೈಲಿಗೆ ಮೆಸೇಜು, ವಿಡಿಯೊ ಕಳಿಸಿ, ಪುಸ್ತಕವೊಂದನ್ನೂ ಕೊಟ್ಟರು. ಒಂದು ವರ್ಷದಲ್ಲಿ ಮರಳಿ ತೊಂದರೆಗೆ ಒಳಗಾದವರು ಎರಡೂ ಗುಂಪಿನಲ್ಲಿ ನೂರಕ್ಕೆ ಐದರ ಆಸುಪಾಸು. ಕಾಗದ, ಪಾಠ, ಮೆಸೇಜು ಇವ್ಯಾವುವೂ ನುರಿತ ಕೈಯ ಬದಲಿಗೆ ನಿಲ್ಲುವುದಿಲ್ಲ.

ನಿಲ್ಲುವುದು ಯಾವುದು? ತಂಡ. 1991ರಲ್ಲಿ ನಾರ್ವೆಯ ಟ್ರೊಂಡ್‌ಹೈಮ್ ಊರಿನಲ್ಲಿ 220 ರೋಗಿಗಳ ಪೈಕಿ ಅರ್ಧ ಜನರನ್ನು ಸಾಮಾನ್ಯ ವಾರ್ಡಿನಲ್ಲಿ, ಅರ್ಧ ಜನರನ್ನು ಲಕ್ವಕ್ಕೆಂದೇ ಮೀಸಲಾದ ವಾರ್ಡಿನಲ್ಲಿ ಮಲಗಿಸಿದರು. ಮೀಸಲು ವಾರ್ಡಿನಲ್ಲಿ ಪವಾಡದ ಔಷಧಿಯೇನೂ ಇರಲಿಲ್ಲ. ವೈದ್ಯರು, ನರ್ಸುಗಳು, ಫಿಸಿಯೊಥೆರಪಿಸ್ಟುಗಳು ಒಂದೇ ಕಡೆ ಕೂಡಿ ಒಂದೇ ರೀತಿಯಲ್ಲಿ ನೋಡಿಕೊಂಡರು, ಅಷ್ಟೇ. ಆರು ವಾರದ ಹೊತ್ತಿಗೆ ಆ ವಾರ್ಡಿನವರಲ್ಲಿ ನೂರಕ್ಕೆ 56 ಜನ ಮನೆ ಸೇರಿದ್ದರು. ಸಾಮಾನ್ಯ ವಾರ್ಡಿನವರಲ್ಲಿ ನೂರಕ್ಕೆ 33. ನನ್ನನ್ನು ಇನ್ನೂ ಹೆಚ್ಚು ಒಪ್ಪಿಸಿದ್ದು ಆಸ್ಟ್ರೇಲಿಯಾದ ‘ಕ್ಯೂಎಎಸ್‌ಸಿ’ ಅಧ್ಯಯನ (2011). ಅಲ್ಲಿ ನರ್ಸುಗಳಿಗೆ ಕಲಿಸಿದ್ದು ಮೂರೇ ಕೆಲಸ: ಜ್ವರ ನೋಡಿ ಇಳಿಸುವುದು, ಸಕ್ಕರೆ ನೋಡಿ ಹತೋಟಿಗೆ ತರುವುದು, ನುಂಗಲು ಬರುತ್ತದೆಯೇ ಎಂದು ಪರೀಕ್ಷಿಸಿದ ಮೇಲಷ್ಟೇ ಬಾಯಿಗೆ ಏನಾದರೂ ಹಾಕುವುದು. ಮೂರು ತಿಂಗಳ ಮೇಲೆ ತೀರಿಕೊಂಡವರು ಅಥವಾ ಪರಾವಲಂಬಿಗಳಾದವರು ಈ ಗುಂಪಿನಲ್ಲಿ ನೂರಕ್ಕೆ 42, ಇನ್ನೊಂದರಲ್ಲಿ 58. ಥರ್ಮಾಮೀಟರು, ಗ್ಲೂಕೋಮೀಟರು, ಒಂದು ಲೋಟ ನೀರು. ಇವಕ್ಕೆ ಬೆಂಗಳೂರೇ ಬೇಕೆಂದಿಲ್ಲ.

ಮೂರನೆಯದಾದ ನುಂಗುವ ಪರೀಕ್ಷೆ ನಮ್ಮ ಸೀಮೆಯವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಗಂಟಲಿನ ಸ್ನಾಯು ಸೋತವರು ಸಾರಿನಲ್ಲಿ ಅದ್ದಿದ ತುತ್ತನ್ನು ಹಳೆಯ ಅಭ್ಯಾಸಬಲದಿಂದ ಒಳಗೆ ಬಿಟ್ಟರೆ ಅದು ಅನ್ನನಾಳದ ಬದಲು ಶ್ವಾಸನಾಳದ ಕಡೆ ಜಾರಬಹುದು. ಬರೀ ನೀರು ಇನ್ನೂ ಅಪಾಯ, ಏಕೆಂದರೆ ಅದು ತಡೆಯುವ ಮೊದಲೇ ಇಳಿದುಹೋಗುತ್ತದೆ. ನೀರು ಕುಡಿದ ತಕ್ಷಣ ಕೆಮ್ಮು, ಆಮೇಲೆ ಮಾತಾಡಿಸಿದರೆ ಗೊರಗೊರ ಎನ್ನುವ ಒದ್ದೆ ದನಿ: ಇವು ಕಂಡರೆ ಬಾಯಿಗೆ ಏನೂ ಹಾಕದೆ ವೈದ್ಯರಿಗೆ ತೋರಿಸಬೇಕು. ಲಕ್ವದ ನಂತರ ಬರುವ ನ್ಯುಮೋನಿಯಾಕ್ಕೆ ಇದೊಂದು ಮುಖ್ಯ ದಾರಿ.

ಇನ್ನು ನಿಮ್ಮ ಮನೆಯ ವಿಷಯ. ಪ್ರೀತಿಯಿಂದಲೇ ಆಗುವ ಒಂದು ಅನಾಹುತವನ್ನು ಮೊದಲು ತಡೆಯಿರಿ. ಮಂಚದಿಂದ ಎಬ್ಬಿಸುವಾಗ ಸೋತ ಕೈಯನ್ನೇ ಹಿಡಿದು ಎಳೆಯಬೇಡಿ. ಭುಜದ ಕೀಲನ್ನು ಬಿಗಿಹಿಡಿದಿರುವುದು ಸುತ್ತಲಿನ ಸ್ನಾಯು. ಅದೇ ಸಡಿಲವಾದಾಗ ಕೈ ಜಗ್ಗಿದರೆ ಕೀಲು ಕೆಳಗೆ ಜಾರುತ್ತದೆ. ನೋವಿಗೆ ಹೆದರಿ ತಂದೆಯವರು ಆ ಕೈಯನ್ನು ಬಳಸುವುದನ್ನೇ ಬಿಡುತ್ತಾರೆ. ಅವರ ಎದುರು ನಿಂತು, ಸೊಂಟದ ಎರಡೂ ಬದಿ ಹಿಡಿದು, ಅವರ ಪಾದಗಳು ನೆಲಕ್ಕೆ ಊರಿವೆಯೇ ನೋಡಿಕೊಂಡು ಎಬ್ಬಿಸಿ. ವ್ಯಾಯಾಮದ ಹಾಳೆಯಲ್ಲಿ ಈ ಚಿತ್ರವಿದ್ದರೂ ಎಷ್ಟು ಬಾಗಬೇಕು, ನಿಮ್ಮ ಮಂಡಿ ಎಲ್ಲಿರಬೇಕು ಎಂಬುದು ಒಮ್ಮೆ ಕಣ್ಣೆದುರು ಮಾಡಿ ತೋರಿಸಿದ ಮೇಲೆಯೇ ತಿಳಿಯುವಂಥದ್ದು. ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆಯಾದರೂ ಥೆರಪಿಸ್ಟ್ ನೋಡಬೇಕು ಎನ್ನುವುದು ಇದಕ್ಕೇ. ಅವರು ಗುರಿ ಬದಲಿಸುತ್ತಾರೆ, ತಪ್ಪು ತಿದ್ದುತ್ತಾರೆ, ನಡುವಿನ ದಿನಗಳ ಕೂಲಿ ನಿಮ್ಮದು. ‘ಜಾಸ್ತಿ ಮಾಡಿಸಿದಷ್ಟೂ ಬೇಗ ವಾಸಿ’ ಎಂಬ ಹಟವೂ ಬೇಡ. ‘ಅವರ್ಟ್’ ಅಧ್ಯಯನದಲ್ಲಿ (2015) 2,104 ರೋಗಿಗಳ ಪೈಕಿ ಅರ್ಧ ಜನರನ್ನು ಲಕ್ವ ಹೊಡೆದ 24 ಗಂಟೆಯೊಳಗೇ ಎಬ್ಬಿಸಿ ಪದೇ ಪದೇ ಓಡಾಡಿಸಿದರು. ಮೂರು ತಿಂಗಳ ಮೇಲೆ ಚೆನ್ನಾಗಿದ್ದವರು ಆ ಗುಂಪಿನಲ್ಲಿ ನೂರಕ್ಕೆ 46, ಎಂದಿನಂತೆ ನಿಧಾನವಾಗಿ ಎಬ್ಬಿಸಿದ ಗುಂಪಿನಲ್ಲಿ 50. ಎಷ್ಟು, ಯಾವಾಗ ಎಂಬ ಅಳತೆಯೇ ಚಿಕಿತ್ಸೆಯ ಅರ್ಧ ಭಾಗ.

ಪ್ರಶ್ನೆ: ನಮ್ಮಿಂದ ತುಮಕೂರು ನೂರು ಕಿಲೋಮೀಟರ್ ಹತ್ತಿರ. ತಂಡ, ಥೆರಪಿಸ್ಟ್ ಎಂದರೆ ದುಡ್ಡಿದ್ದವರ ಮಾತಾಯಿತು. ಮನೆಯವರು ಮಾಡಿಸುವುದೂ ಪ್ರಯೋಜನವಿಲ್ಲ ಎಂದರೆ ಬಡವರು ಸುಮ್ಮನೆ ಮಲಗಿರಬೇಕೇ?
– ಓದುಗರು, ಪಾವಗಡ

ಉತ್ತರ: ನಿಮ್ಮ ಸಿಟ್ಟು ಸರಿಯಾದದ್ದೇ, ಆದರೆ ಅದು ನನ್ನ ವಾದವನ್ನೇ ಬಲಪಡಿಸುತ್ತದೆ. ಮೂರು ಕಡೆ ಆಂಧ್ರ ಸುತ್ತಿಕೊಂಡ ತಾಲ್ಲೂಕು ನಿಮ್ಮದು. ಅಲ್ಲಿಯ ಜನಕ್ಕೆ ಜಿಲ್ಲಾ ಕೇಂದ್ರಕ್ಕಿಂತ ಹಿಂದೂಪುರ ಹತ್ತಿರ. ಇಂಥ ಕಡೆಗೇ ‘ಮನೆಯವರಿಗೆ ಕಲಿಸಿಬಿಡೋಣ’ ಎಂಬ ಯೋಚನೆ ಮೊದಲು ಬರುತ್ತದೆ, ಏಕೆಂದರೆ ಸರ್ಕಾರಕ್ಕೆ ಅದು ಅಗ್ಗ. ಅಗ್ಗವೂ ಅಲ್ಲ, ಬಿಡಿ. ರೋಗಿಯ ಜೊತೆ ಸೊಸೆಯೋ ಮಗಳೋ ಕೂಲಿ ಬಿಟ್ಟು ಕೂರುತ್ತಾಳೆ, ಆ ದುಡ್ಡು ಯಾರ ಲೆಕ್ಕದಲ್ಲೂ ಬರುವುದಿಲ್ಲ. ಅಟೆಂಡ್ ಫಲಿತಾಂಶವನ್ನು ಬಡವರಿಗೆ ಏನೂ ಬೇಡ ಎಂದು ಓದಿದರೆ ತಪ್ಪಾಗುತ್ತದೆ. ತಾಲ್ಲೂಕು ಆಸ್ಪತ್ರೆಗೆ ಬೇಕಾದದ್ದು ಕರಪತ್ರವಲ್ಲ, ಸಂಬಳ ಪಡೆಯುವ ಫಿಸಿಯೊಥೆರಪಿಸ್ಟ್ ಎಂದು ಓದಬೇಕು. ವಾರಕ್ಕೊಂದು ದಿನ ಒಂದೊಂದು ಹೋಬಳಿಗೆ ಹೋಗಿಬರುವ ಒಬ್ಬರಿದ್ದರೂ ಚಿತ್ರ ಬೇರೆಯಾಗುತ್ತದೆ. ‘ಆಶಾ ಕಾರ್ಯಕರ್ತೆಯರಿಗೇ ಕಲಿಸಬಾರದೇ’ ಎಂದು ಕೇಳುವವರಿದ್ದಾರೆ. ಬಿಪಿ ನೋಡಿ, ಮಾತ್ರೆ ತಪ್ಪಿದೆಯೇ ವಿಚಾರಿಸುವ ಕೆಲಸಕ್ಕೆ ಖಂಡಿತ ಕಲಿಸಬಹುದು. ಮರಳಿ ಲಕ್ವ ಹೊಡೆಯದಂತೆ ತಡೆಯುವಲ್ಲಿ ಅದೇ ದೊಡ್ಡ ಪಾಲು. ಆದರೆ ಈಗಾಗಲೇ ಹೊತ್ತ ಹೊರೆಯ ಮೇಲೆ ಥೆರಪಿಸ್ಟಿನ ಕೆಲಸವನ್ನೂ ಹೊರಿಸಿದರೆ ಅಟೆಂಡ್‌ನಲ್ಲಿ ಆದದ್ದೇ ಇಲ್ಲಿಯೂ ಆದೀತೆಂಬುದು ನನ್ನ ಅನುಮಾನ.

ಪ್ರಶ್ನೆ: ಸಿದ್ಧರಬೆಟ್ಟದ ಬೇರಿನ ಎಣ್ಣೆ ಉಜ್ಜಿದರೆ ಕೈ ಬರುತ್ತದೆ ಎನ್ನುತ್ತಾರೆ. ಸ್ಟೆಮ್ ಸೆಲ್ ಇಂಜೆಕ್ಷನ್ ಇದೆಯಂತೆ, ಜಮೀನು ಅಡ ಇಟ್ಟಾದರೂ ಕೊಡಿಸಬಹುದೇ?
– ಓದುಗರು, ಕೊರಟಗೆರೆ

ಉತ್ತರ: ಜಮೀನು ಉಳಿಸಿಕೊಳ್ಳಿ. ರೋಗಿಯದೇ ಮೂಳೆಮಜ್ಜೆಯ ಕೋಶಗಳನ್ನು ರಕ್ತಕ್ಕೆ ಕೊಟ್ಟು ನಮ್ಮ ದೇಶದ ಐದು ಕೇಂದ್ರಗಳಲ್ಲಿ 120 ಜನರ ಮೇಲೆ ಪರೀಕ್ಷಿಸಿದ್ದಾರೆ (2014). ಅಪಾಯ ಕಾಣಲಿಲ್ಲ, ಲಾಭವೂ ಕಾಣಲಿಲ್ಲ. ಫ್ಲುವೊಕ್ಸೆಟಿನ್ ಮಾತ್ರೆಯ ಕಥೆಯೂ ಹಾಗೇ: 2011ರಲ್ಲಿ ಫ್ರಾನ್ಸಿನಲ್ಲಿ 118 ಜನರಲ್ಲಿ ಆಸೆ ಹುಟ್ಟಿಸಿತು, ಬ್ರಿಟನ್ನಿನಲ್ಲಿ 3,127 ಜನರಿಗೆ ಕೊಟ್ಟು ನೋಡಿದಾಗ ಕೈಕಾಲಿಗೆ ಉಪಯೋಗವಾಗಲಿಲ್ಲ, ಮೂಳೆ ಮುರಿತ ಹೆಚ್ಚಾಯಿತು. ಎಣ್ಣೆ ಹಿತವೆನಿಸಿದರೆ ಹಚ್ಚಿ, ಭುಜ ಜಗ್ಗದಂತೆ ಮೆಲ್ಲಗೆ ಉಜ್ಜಿ. ಬಿಪಿ ಮಾತ್ರೆ, ಆಸ್ಪಿರಿನ್ ಬಿಡಿಸಿ ಪಥ್ಯ ಹೇಳುವವರ ಬಾಗಿಲಿಗೆ ಮಾತ್ರ ಹೋಗಬೇಡಿ.

ಪ್ರಶ್ನೆ: ಲಕ್ವ ಹೊಡೆದು ಐದು ತಿಂಗಳಾಯಿತು. ಬಲಗೈ ಬೆರಳು ಸ್ವಲ್ಪ ಆಡುತ್ತವೆ, ಆದರೂ ಎಲ್ಲದಕ್ಕೂ ಎಡಗೈಯೇ. ಮೂರು ತಿಂಗಳು ದಾಟಿದರೆ ಇನ್ನೇನೂ ಆಗದಂತೆ, ನಿಜವೇ?
– ಓದುಗರು, ಶಿರಾ

ಉತ್ತರ: ಚೇತರಿಕೆಯ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲಿ ಆಗುವುದು ನಿಜ, ಬಾಗಿಲು ಮುಚ್ಚುತ್ತದೆ ಎಂಬುದು ಸುಳ್ಳು. ಅಮೆರಿಕದ ‘ಎಕ್ಸೈಟ್’ ಅಧ್ಯಯನಕ್ಕೆ (2006) ಸೇರಿಸಿಕೊಂಡ 222 ಜನರೂ ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾದವರೇ. ಮಣಿಕಟ್ಟು, ಬೆರಳು ಒಂದಿಷ್ಟಾದರೂ ಆಡುತ್ತಿದ್ದವರು. ಒಂದು ಗುಂಪಿನವರ ಚೆನ್ನಾಗಿದ್ದ ಕೈಗೆ ಎರಡು ವಾರ ಗವಸು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸಿದರು. ಒಂದು ವರ್ಷದ ಮೇಲೂ ಆ ಕೈ ಉಳಿದವರ ಕೈಗಿಂತ ಚುರುಕಾಗಿತ್ತು. ಆದರೆ ಅಲ್ಲಿ ದಿನವೂ ಥೆರಪಿಸ್ಟ್ ಕೂತು ಮಾಡಿಸಿದ್ದರು. ಬೀಳುವ ಭಯವಿರುವವರಿಗೆ ಇದು ಸಲ್ಲದು, ಹಾಗಾಗಿ ಒಮ್ಮೆ ತೋರಿಸಿಯೇ ಶುರುಮಾಡಿ. ರಬ್ಬರ್ ಚೆಂಡು ಹಿಸುಕುವುದಕ್ಕಿಂತ ಕೈಗೆ ಗೊತ್ತಿರುವ ಕೆಲಸ ಮೇಲು. ಮೊರದಲ್ಲಿ ಒಂದು ಹಿಡಿ ಕಡ್ಲೆಕಾಯಿ ಹಾಕಿಕೊಂಡು ಬಲಗೈಯಲ್ಲೇ ಬಿಡಿಸಲಿ. ಮೊದಲ ದಿನ ಐದು ಬಿಡಿಸಿದರೂ ಸರಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಕೆಳಗೆ ಎಷ್ಟೆಂದು ಬರೆದಿಡಿ. ಮುಂದಿನ ಭೇಟಿಗೆ ಆ ಹಾಳೆಯನ್ನೇ ಥೆರಪಿಸ್ಟ್ ಹತ್ತಿರ ಒಯ್ಯಿರಿ.